ಇಪ್ಪತ್ತೇಳು ಪಾಯಿಂಟಿನ ವೀರ

"ಲೆಕ್ಕದ ನೋಟ್‌ಬುಕ್ಕಿನ ಕೊನೆಯ ಹಾಳೆಗಳಲ್ಲಿ ಏನೇನೋ ಕೋಷ್ಟಕ ಬರೆದಿದ್ದಾನೆ ಸಾರ್. ಶಕ್ತಿ 8 ಅಂತೆ, ಬುದ್ಧಿ 15 ಅಂತೆ. ಕೇಳಿದರೆ 'ಬಿಲ್ಡ್ ಮಾಡ್ತಾ ಇದೀನಿ' ಅಂತಾನೆ. ಮನೆ ಕಟ್ಟೋ ವಯಸ್ಸೇ ಅವನದು?" ಎಂದು ಪಿಯುಸಿ ಓದುವ ಹುಡುಗನ ತಂದೆಯೊಬ್ಬರು ಈಚೆಗೆ ಕೇಳಿದರು. ಇದೇ ಪ್ರಶ್ನೆ ಇನ್ನೂ ಕೆಲವು ಮನೆಗಳಲ್ಲಿ ಇದ್ದೀತು. ಮಕ್ಕಳ ಪ್ರಶ್ನೆ ಮಾತ್ರ ಅದರ ಮುಂದಿನದು: ಯಾವ ಬಿಲ್ಡ್ ಎಲ್ಲಕ್ಕಿಂತ ಒಳ್ಳೆಯದು? ಎರಡನ್ನೂ ಈ ವಾರ ಒಟ್ಟಿಗೇ ನೋಡೋಣ.

ಆಟದ ಹೆಸರು ಡಂಜನ್ಸ್ ಅಂಡ್ ಡ್ರ್ಯಾಗನ್ಸ್. ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಎಂಬಿಬ್ಬರು ಅದನ್ನು ಮೂರು ಪುಟ್ಟ ಪುಸ್ತಕಗಳ ಪೆಟ್ಟಿಗೆಯಾಗಿ ಹೊರತಂದದ್ದು 1974ರಲ್ಲಿ. ಹಾಸಿನ ಮೇಲೆ ಕಾಯಿ ನಡೆಸುವ ಆಟವಲ್ಲ ಇದು. ನಾಲ್ಕೈದು ಜನ ಮೇಜಿನ ಸುತ್ತ ಕೂರುತ್ತಾರೆ. ಒಬ್ಬ ಕಥೆ ನಡೆಸುತ್ತಾನೆ. ಅವನಿಗೆ ಡಂಜನ್ ಮಾಸ್ಟರ್ ಎಂದು ಹೆಸರು. ಉಳಿದವರು ಒಬ್ಬೊಬ್ಬರು ಒಂದೊಂದು ಪಾತ್ರ: ಯೋಧ, ಮಾಂತ್ರಿಕ, ಕಳ್ಳ, ಪೂಜಾರಿ, ಹೀಗೆ. ವೇಷವಿಲ್ಲ, ಕುಣಿತವಿಲ್ಲ, ಕೂತಲ್ಲೇ ಆಶುಮಾತು. ತಾಳಮದ್ದಳೆ ಕಂಡವರಿಗೆ ಇದು ತೀರಾ ಹೊಸದೆನಿಸಲಾರದು. ಆದರೆ ತಾಳಮದ್ದಳೆಯಲ್ಲಿ ಪ್ರಸಂಗದ ಕೊನೆ ಎಲ್ಲರಿಗೂ ಗೊತ್ತು. ಇಲ್ಲಿ ಗೊತ್ತಿಲ್ಲ. ರಾಕ್ಷಸನಿಗೆ ಹೊಡೆದ ಏಟು ತಗುಲಿತೋ ಇಲ್ಲವೋ ಎಂಬುದನ್ನು ಹೇಳುವುದು ದಾಳ.

ದಾಳವೆಂದರೆ ನಮ್ಮ ಪಗಡೆಯದಲ್ಲ, ಇಪ್ಪತ್ತು ಮುಖದ್ದು. ಅದನ್ನು ಉರುಳಿಸಿ, ಬಿದ್ದ ಸಂಖ್ಯೆಗೆ ಪಾತ್ರದ ಬೋನಸ್ ಕೂಡಿಸಬೇಕು. ಮೊತ್ತ ಎದುರಾಳಿಯ ಆರ್ಮರ್ ಕ್ಲಾಸ್‌ನಷ್ಟು ಅಥವಾ ಅದಕ್ಕಿಂತ ಹೆಚ್ಚಾದರೆ ಏಟು ಬಿತ್ತು. ಆರ್ಮರ್ ಕ್ಲಾಸನ್ನು ನಾವು ಕವಚಸಂಖ್ಯೆ ಎನ್ನೋಣ. ಮುಖ ಇಪ್ಪತ್ತು ಇರುವುದರಿಂದ ಬೋನಸ್ಸಿನಲ್ಲಿ ಒಂದು ಹೆಚ್ಚಿದರೆ ಗೆಲ್ಲುವ ಅವಕಾಶ ನೂರಕ್ಕೆ 5ರಷ್ಟು ಹೆಚ್ಚುತ್ತದೆ. ಹುಡುಗರು ನೋಟ್‌ಬುಕ್ ಕೆಡಿಸಿ ಹುಡುಕುವುದು ಈ ಐದೈದನ್ನೇ.

ಪ್ರತಿ ಪಾತ್ರಕ್ಕೂ ಆರು ಗುಣ: ಶಕ್ತಿ, ಚುರುಕು, ಕಾನ್‌ಸ್ಟಿಟ್ಯೂಷನ್, ಬುದ್ಧಿ, ವಿವೇಕ, ವರ್ಚಸ್ಸು. ಕಾನ್‌ಸ್ಟಿಟ್ಯೂಷನ್ ಎಂದರೆ ಇಲ್ಲಿ ಸಂವಿಧಾನವಲ್ಲ, ಮೈಯ ಗಟ್ಟಿತನ, ತಾಳಿಕೆ ಎನ್ನಬಹುದು. ಬುದ್ಧಿಯೂ ವಿವೇಕವೂ ಬೇರೆಬೇರೆ ಎಂದು ಈ ಅಮೆರಿಕನ್ನರು ಪ್ರತ್ಯೇಕ ಅಂಕ ಕೊಟ್ಟದ್ದು ನನಗೆ ಮೆಚ್ಚುಗೆ. ನಮ್ಮ ಅಂಕಪಟ್ಟಿಗಳಲ್ಲಿ ಒಂದಕ್ಕೇ ಅಂಕ.

1974ರ ಆಟದಲ್ಲಿ ಈ ಆರು ಗುಣಗಳನ್ನು ಆರಿಸಿಕೊಳ್ಳುವ ಮಾತೇ ಇರಲಿಲ್ಲ. ಆರು ಮುಖದ ಮೂರು ದಾಳ ಉರುಳಿಸಿ ಕೂಡಿಸುವುದು. ಮೊದಲ ಮೊತ್ತ ಶಕ್ತಿಗೆ, ಎರಡನೆಯದು ಮುಂದಿನ ಗುಣಕ್ಕೆ, ಹೀಗೆ ಬಂದ ಕ್ರಮದಲ್ಲೇ ಬರೆದುಕೊಳ್ಳುವುದು. ಶುದ್ಧ ಹಣೆಬರಹ. ಸರಾಸರಿ 10.5. ಮೂರೂ ದಾಳ ಆರು ಬಿದ್ದು 18 ಆಗುವುದು 216ರಲ್ಲಿ ಒಮ್ಮೆ. ಮಾಂತ್ರಿಕನಾಗಬೇಕೆಂದು ಆಸೆಪಟ್ಟವನಿಗೆ ಬುದ್ಧಿ 6 ಬಂದರೆ ತೆಪ್ಪಗೆ ಬೇರೆ ಕಸುಬು ಹಿಡಿಯಬೇಕು. ಮುಂದೆ ಕರುಣೆ ತೋರಿ ನಾಲ್ಕು ದಾಳ ಉರುಳಿಸಿ ಕನಿಷ್ಠವಾದುದನ್ನು ಬಿಡುವ ಪದ್ಧತಿ ಬಂತು. ಆಗ ಸರಾಸರಿ 12.24ಕ್ಕೆ ಏರುತ್ತದೆ, 18 ಬೀಳುವ ಅವಕಾಶ 1296ರಲ್ಲಿ 21, ಅಂದರೆ ಸುಮಾರು 62ಕ್ಕೆ ಒಮ್ಮೆ. ಇವು ಹೇಗೆ ಬಂದವೆಂದು ವಿದ್ಯಾರ್ಥಿಗಳು ತಾವೇ ಎಣಿಸಿ ನೋಡಬೇಕು. ಕ್ರಮಯೋಜನೆಯ ಪಾಠದಲ್ಲಿ ಇಷ್ಟು ರುಚಿಯಾದ ಲೆಕ್ಕ ಸಿಗುವುದು ಕಷ್ಟ.

ಆದರೆ ದಾಳದಿಂದ ಜಗಳವೂ ಹುಟ್ಟುತ್ತಿತ್ತು. ಒಬ್ಬನಿಗೆ 17, 16, 16. ಪಕ್ಕದವನಿಗೆ 11, 9, 8. ಇಬ್ಬರೂ ಆರು ತಿಂಗಳು ಒಟ್ಟಿಗೆ ಆಡಬೇಕು. ಈ ತಾರತಮ್ಯ ತಪ್ಪಿಸಲು ಬಂದದ್ದು ಪಾಯಿಂಟ್ ಪದ್ಧತಿ. 2014ರ ಐದನೇ ಆವೃತ್ತಿಯಲ್ಲೂ 2024ರ ಪರಿಷ್ಕೃತ ನಿಯಮಗಳಲ್ಲೂ ಅದು ಹೀಗಿದೆ: ಪ್ರತಿಯೊಬ್ಬನ ಕೈಗೂ 27 ಪಾಯಿಂಟು. ಆರೂ ಗುಣ 8ರಿಂದ ಶುರು. 9ಕ್ಕೆ ಬೆಲೆ 1, 10ಕ್ಕೆ 2, 11ಕ್ಕೆ 3, 12ಕ್ಕೆ 4, 13ಕ್ಕೆ 5. ಅಲ್ಲಿಂದ ಮೇಲೆ ಧಾರಣೆ ಏರುತ್ತದೆ: 14ಕ್ಕೆ 7, 15ಕ್ಕೆ 9. ಅದರಾಚೆ ಮಾರಾಟವಿಲ್ಲ. ಲೆಕ್ಕ ಬೇಡವೆನ್ನುವವರಿಗೆ 15, 14, 13, 12, 10, 8 ಎಂಬ ಸಿದ್ಧ ಪಟ್ಟಿ ಉಂಟು. ಕೂಡಿಸಿ ನೋಡಿ, ಅದರ ಬೆಲೆಯೂ ಸರಿಯಾಗಿ 27.

ತಿಂಗಳ ಸಂಬಳದಲ್ಲಿ ಮನೆ ನಡೆಸುವ ತಂದೆತಾಯಿಗಳಿಗೆ ಇದನ್ನು ವಿವರಿಸಬೇಕಾಗಿಲ್ಲ. ಎಲ್ಲವೂ ಸಾಧಾರಣವಾಗಿ ಇರಲಿ ಎಂದು 13, 13, 13, 12, 12, 12 ಕೊಂಡರೂ 27 ಮುಗಿಯುತ್ತದೆ. ಆದರೆ ಅಂಥ ಪಾತ್ರ ಯಾವ ಕೆಲಸಕ್ಕೂ ಮುಂದೆ ನಿಲ್ಲಲಾರದು. ಎರಡು ಗುಣ ಎದ್ದು ಕಾಣಬೇಕಾದರೆ ಎಲ್ಲೋ ಒಂದೆರಡು ಕಡೆ 8ಕ್ಕೇ ತೃಪ್ತನಾಗಬೇಕು. ಬಿಲ್ಡ್ ಮಾಡುವುದೆಂದರೆ ಮುಖ್ಯವಾಗಿ ಇದೇ: ಎಲ್ಲಿ ದಡ್ಡನಾಗಿ, ಎಲ್ಲಿ ಕುಂಟನಾಗಿ ಇರಲು ಒಪ್ಪುತ್ತೀರಿ ಎಂದು ತೀರ್ಮಾನಿಸುವುದು. ಹೊಸಬರು ಯಾವುದನ್ನು ಹೆಚ್ಚಿಸಲಿ ಎಂದು ಕೇಳುತ್ತಾರೆ. ಪಳಗಿದವರು ಯಾವುದನ್ನು ಬಿಡಲಿ ಎಂದು ಕೇಳುತ್ತಾರೆ.

ಈಗ ಒಂದು ಸೂಕ್ಷ್ಮ. ದಾಳಕ್ಕೆ ಕೂಡುವುದು ಗುಣದ ಅಂಕವಲ್ಲ, ಅದರಿಂದ ಹುಟ್ಟುವ ಬೋನಸ್. 10 ಮತ್ತು 11ಕ್ಕೆ ಸೊನ್ನೆ, 12 ಮತ್ತು 13ಕ್ಕೆ 1, 14 ಮತ್ತು 15ಕ್ಕೆ 2, 16 ಮತ್ತು 17ಕ್ಕೆ 3. 8 ಇದ್ದರೆ ಒಂದು ಕಳೆಯಬೇಕು. ಅಂದಮೇಲೆ 14ರಿಂದ 15ಕ್ಕೆ ಹೋಗಲು ಎರಡು ಪಾಯಿಂಟು ತೆತ್ತರೂ ಕೈಗೆ ಬರುವುದು ಏನೂ ಇಲ್ಲ! ಬೆಸಸಂಖ್ಯೆಗಳೆಲ್ಲ ಹೀಗೆ ಬರಿಗೈ. ಹಾಗಾದರೆ 15 ಕೊಳ್ಳುವವರು ಮೂರ್ಖರೇ? ಅಲ್ಲ. ಪಾತ್ರದ ಹಿನ್ನೆಲೆಯಿಂದ ಒಂದು ಗುಣಕ್ಕೆ 2, ಇನ್ನೊಂದಕ್ಕೆ 1 ಮೇಲ್ಗಡೆ ಸಿಗುತ್ತದೆ. ಬೆಸವನ್ನು ಸಮ ಮಾಡುವ ಚಮತ್ಕಾರ ಅಲ್ಲಿದೆ.

ಒಬ್ಬ ಮಾಂತ್ರಿಕನನ್ನೇ ಕಟ್ಟಿ ನೋಡೋಣ. 2024ರ ನಿಯಮದಲ್ಲಿ ಪಂಡಿತನ ಹಿನ್ನೆಲೆ ಇಟ್ಟುಕೊಂಡರೆ ತಾಳಿಕೆ, ಬುದ್ಧಿ, ವಿವೇಕ ಈ ಮೂರರಲ್ಲಿ ಹೆಚ್ಚಳ ಹಂಚಿಕೊಳ್ಳಬಹುದು. ಬುದ್ಧಿಗೆ 2, ತಾಳಿಕೆಗೆ 1 ಎಂದಿಟ್ಟುಕೊಳ್ಳಿ. ತಾಳಿಕೆಯನ್ನು 13ಕ್ಕೆ ಕೊಂಡರೆ ಸಾಕು, 14 ಆಗುತ್ತದೆ. ಎರಡು ಪಾಯಿಂಟು ಉಳಿತಾಯ. ಬುದ್ಧಿಯನ್ನು 14ಕ್ಕೆ ಕೊಂಡರೆ 16, 15ಕ್ಕೆ ಕೊಂಡರೆ 17. ಎರಡಕ್ಕೂ ಬೋನಸ್ ಒಂದೇ, 3. ಹಾಗಾದರೆ 14 ಸಾಕಲ್ಲವೇ? ಇವತ್ತಿನ ಮಟ್ಟಿಗೆ ಸಾಕು. ಆದರೆ ನಾಲ್ಕನೇ ಹಂತದಲ್ಲಿ ಒಂದು ವಿಶೇಷ ಪರಿಣತಿ ಸಿಗುತ್ತದೆ; ಜೊತೆಗೆ ಒಂದು ಗುಣಕ್ಕೆ 1 ಅಂಕ. 17 ಇದ್ದವನು ಆಗ 18 ಆಗಿ ಪರಿಣತಿಯನ್ನೂ ಉಳಿಸಿಕೊಳ್ಳುತ್ತಾನೆ. 16 ಇದ್ದವನು ಪರಿಣತಿಯ ಆಸೆ ಬಿಟ್ಟು, ಎರಡು ಅಂಕವನ್ನೇ ಪಡೆದು 18 ಮುಟ್ಟಬೇಕು. ಅಂಗಡಿಗಳಲ್ಲಿ 'ಇಂದು ನಗದು ನಾಳೆ ಉದ್ರಿ' ಎಂದು ಬರೆದಿರುತ್ತಾರಲ್ಲ, ಇದು ಅದೇ ಪ್ರಶ್ನೆ. ನಿಮ್ಮ ಗೆಳೆಯರ ಆಟ ನಾಲ್ಕನೇ ಹಂತದವರೆಗೆ ನಡೆದೀತೇ? ಪರೀಕ್ಷೆ ಬಂದು ಎರಡೇ ವಾರದಲ್ಲಿ ನಿಲ್ಲುವುದಾದರೆ ಇಂದಿನ ನಗದೇ ಲೇಸು.

ಮಾಂತ್ರಿಕನಿಗೆ ಮೈಗಟ್ಟು ಏಕೆ ಎಂದು ಕೇಳಬಹುದು. ಅನೇಕ ಮಂತ್ರಗಳು ಏಕಾಗ್ರತೆ ಇರುವಷ್ಟು ಹೊತ್ತು ಮಾತ್ರ ನಿಲ್ಲುತ್ತವೆ. ಏಟು ಬಿದ್ದಾಗ ಏಕಾಗ್ರತೆ ಉಳಿಯಿತೇ ಎಂದು ನೋಡುವುದು ತಾಳಿಕೆಯ ಬೋನಸ್ಸಿನಿಂದಲೇ. ಶಕ್ತಿಯನ್ನು 8ಕ್ಕೆ ಬಿಟ್ಟ ಮಾಂತ್ರಿಕರು ಲೆಕ್ಕವಿಲ್ಲದಷ್ಟು. ತಾಳಿಕೆಯನ್ನು ಬಿಟ್ಟವರು ಹೆಚ್ಚು ದಿನ ಬಾಳುವುದಿಲ್ಲ.

ಇನ್ನು ಕೆಲವರಿಗೆ ಒಂದು ಕಸುಬು ಸಾಲದು. ಸ್ವಲ್ಪ ಯೋಧ, ಸ್ವಲ್ಪ ಮಾಂತ್ರಿಕ ಎಂದು ಬೆರೆಸುತ್ತಾರೆ. ನಿಯಮದಲ್ಲಿ ಅವಕಾಶವಿದೆ, ಆದರೆ ಎರಡು ದೋಣಿಯಲ್ಲಿ ಕಾಲಿಟ್ಟಂತೆ. ಐದನೇ ಹಂತ ಈ ಆಟದ ದೊಡ್ಡ ಮೆಟ್ಟಿಲು. ಯೋಧನಿಗೆ ಒಂದು ಸರದಿಯಲ್ಲಿ ಎರಡು ಏಟು ಸಿಗುವುದು ಅಲ್ಲಿ. ಮಾಂತ್ರಿಕನಿಗೆ ಫೈರ್‌ಬಾಲ್ ಎಂಬ ಬೆಂಕಿಯುಂಡೆ ದಕ್ಕುವುದೂ ಅಲ್ಲಿ. ಆರು ಮುಖದ ಎಂಟು ದಾಳ, ಸರಾಸರಿ 28ರ ಪೆಟ್ಟು, ಅದೂ ಗುಂಪಿಗೆ. ನಾಲ್ಕು ಹಂತ ಯೋಧ, ಒಂದು ಹಂತ ಮಾಂತ್ರಿಕ ಆದವನು ಐದನೇ ಹಂತದಲ್ಲಿ ಎರಡೂ ಇಲ್ಲದೆ ನಿಂತಿರುತ್ತಾನೆ. ಹಾಗೆಂದು ಬೆರಕೆ ಸದಾ ತಪ್ಪಲ್ಲ. ಕವಚ ತೊಡುವ ಅರ್ಹತೆಗಾಗಿ ಒಂದೇ ಹಂತ ಪಕ್ಕಕ್ಕೆ ಹೋಗಿ ಬರುವ ಮಾಂತ್ರಿಕರಿದ್ದಾರೆ. ಬೆಂಕಿಯುಂಡೆ ಅಷ್ಟು ತಡ, ಪ್ರಾಣ ಅಷ್ಟು ಭದ್ರ.

ಈಗ ಮುಖ್ಯ ಮಾತಿಗೆ ಬರೋಣ. ಎಲ್ಲಕ್ಕಿಂತ ಒಳ್ಳೆಯ ಬಿಲ್ಡ್ ಯಾವುದು?

2014ರ ನಿಯಮಗಳಲ್ಲಿ ಗ್ರೇಟ್ ವೆಪನ್ ಮಾಸ್ಟರ್ ಎಂಬ ಪರಿಣತಿ ಇತ್ತು. ದೊಡ್ಡ ಆಯುಧ ಹಿಡಿದವನು ಇಷ್ಟಪಟ್ಟರೆ ಗುರಿಯಲ್ಲಿ 5 ಕಳೆದುಕೊಂಡು, ತಗುಲಿದರೆ ಪೆಟ್ಟಿನಲ್ಲಿ 10 ಹೆಚ್ಚು ಪಡೆಯಬಹುದು. ಯೋಧನ ಬಿಲ್ಡ್ ಎಂದರೆ ಇದಿರಲೇಬೇಕು ಎಂಬಷ್ಟು ಅದಕ್ಕೆ ಹೆಸರು. ಲೆಕ್ಕ ಹಾಕಿ ನೋಡಿ. ಶಕ್ತಿ 16ರ ಯೋಧ: ಬೋನಸ್ 3, ತರಬೇತಿಯದು 2, ಒಟ್ಟು 5. ಎರಡು ಕೈಯ ಮಹಾಖಡ್ಗದ ಪೆಟ್ಟು ಆರು ಮುಖದ ಎರಡು ದಾಳ, ಸರಾಸರಿ 7. ಬೋನಸ್ ಸೇರಿ 10. ಎದುರಿಗೆ ಓಗರ್ ಎಂಬ ದಡೂತಿ ರಾಕ್ಷಸ, ಕವಚಸಂಖ್ಯೆ 11. ದಾಳದಲ್ಲಿ 6 ಅಥವಾ ಮೇಲೆ ಬಿದ್ದರೆ ಸಾಕು, ಅವಕಾಶ ನೂರಕ್ಕೆ 75. ಒಂದು ಬೀಸಿನ ಸರಾಸರಿ ಫಲ 7.5. ಗುರಿಯಲ್ಲಿ 5 ಬಿಟ್ಟರೆ ಅವಕಾಶ 50ಕ್ಕೆ ಇಳಿಯುತ್ತದೆ, ಪೆಟ್ಟು 20 ಆಗುತ್ತದೆ; ಫಲ 10. ಭರ್ಜರಿ ಲಾಭ. ಅದೇ ಮೈತುಂಬ ಕವಚ ತೊಟ್ಟ ನೈಟ್ ಎದುರಾದರೆ? ಅವನದು 18. ಸಾದಾ ಏಟಿನ ಫಲ 4, ದುಡುಕಿನ ಏಟಿನ ಫಲ 3. ನಷ್ಟ. ಸಾದಾ ಏಟು ತಗುಲುವ ಅವಕಾಶ ಅರ್ಧಕ್ಕಿಂತ ಹೆಚ್ಚಿದ್ದರೆ ದುಡುಕಬೇಕು, ಕಡಿಮೆಯಿದ್ದರೆ ಕೂಡದು. ಈ ಯೋಧನಿಗೆ ಗಡಿ ಕವಚಸಂಖ್ಯೆ 16; ಅಲ್ಲಿ ಎರಡೂ ಸಮ. 20 ಬಿದ್ದಾಗ ಸಿಗುವ ಹೆಚ್ಚುವರಿ ಪೆಟ್ಟನ್ನು ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಸೇರಿಸಿದರೂ ಗಡಿ ಹೆಚ್ಚು ಅಲುಗದು.

ಇಷ್ಟರವರೆಗೆ ಬುದ್ಧಿವಂತ ವಿದ್ಯಾರ್ಥಿಗಳೆಲ್ಲ ಬರುತ್ತಾರೆ. ಇನ್ನೊಂದು ಹೆಜ್ಜೆ ಇದೆ. ಎದುರಿಗೆ ಗಾಬ್ಲಿನ್ ಇದ್ದಾನೆ ಎನ್ನಿ. ಕುಳ್ಳ, ಹೇಡಿ, ಆದರೆ ಗುಂಪಾಗಿ ಬರುವವನು. ಕವಚಸಂಖ್ಯೆ 15. ಗಡಿಯೊಳಗೇ ಇದೆ. ಸಾದಾ ಏಟಿನ ಫಲ 5.5, ದುಡುಕಿನದು 6. ಸೂತ್ರ ದುಡುಕು ಎನ್ನುತ್ತದೆ. ಆದರೆ 2014ರ ಪುಸ್ತಕದಲ್ಲಿ ಗಾಬ್ಲಿನ್ನನ ಪ್ರಾಣವೇ 7 ಅಂಕ! ಸಾದಾ ಏಟು ತಗುಲಿದರೆ 36ರಲ್ಲಿ 33 ಸಲ ಅಷ್ಟಕ್ಕೇ ಅವನು ಸಾಯುತ್ತಾನೆ. ಅಂದರೆ ಒಂದೇ ಬೀಸಿಗೆ ಕೊಲ್ಲುವ ಅವಕಾಶ ಸಾದಾ ಏಟಿನಲ್ಲಿ ನೂರಕ್ಕೆ 50, ದುಡುಕಿನಲ್ಲಿ ಬರೀ 30. ಸತ್ತವನನ್ನು ಇನ್ನಷ್ಟು ಸಾಯಿಸಲು ಆಗುವುದಿಲ್ಲವಲ್ಲ. ಸರಾಸರಿ ಪೆಟ್ಟು ಹೆಚ್ಚಿಸುವ ಸೂತ್ರ ಇಲ್ಲಿ ಗಾಬ್ಲಿನ್ನನಿಗೇ ಸಹಾಯ ಮಾಡಿತು.

ಲೆಕ್ಕ ತಪ್ಪಾಗಿರಲಿಲ್ಲ, ಕೇಳಿದ ಪ್ರಶ್ನೆ ಬೇರೆಯದಾಗಿತ್ತು. ಸಿದ್ಧ ಬಿಲ್ಡುಗಳ ಬಗ್ಗೆ ನನ್ನ ತಕರಾರು ಇದೇ. 'ಶ್ರೇಷ್ಠ ಹತ್ತು ಬಿಲ್ಡುಗಳು' ಎಂಬ ಪಟ್ಟಿಗಳು ಈಗ ಎಲ್ಲೆಂದರಲ್ಲಿ ಸಿಗುತ್ತವೆ. ಅವುಗಳ ಗಣಿತ ಬಹುಮಟ್ಟಿಗೆ ಸರಿಯೇ. ಆದರೆ ಅವು ಉತ್ತರ ಕೊಡುವುದು ಯಾರದೋ ಮೇಜಿನ ಪ್ರಶ್ನೆಗೆ. ನಿಮ್ಮ ಡಂಜನ್ ಮಾಸ್ಟರ್ ಗಾಬ್ಲಿನ್ನರನ್ನೇ ಕಳಿಸುತ್ತಾನೋ, ರಾಜನ ಆಸ್ಥಾನದಲ್ಲಿ ಸಂಧಾನ ಮಾಡಿಸುತ್ತಾನೋ ಅವಕ್ಕೆ ಗೊತ್ತಿಲ್ಲ. ಗೈಡ್ ಉರುಹೊಡೆದವನು ಪ್ರಶ್ನೆಯನ್ನು ಸ್ವಲ್ಪ ತಿರುಚಿದರೆ ಕಕ್ಕಾಬಿಕ್ಕಿಯಾಗುವುದನ್ನು ಮೇಷ್ಟ್ರುಗಳು ದಿನವೂ ನೋಡುತ್ತಾರೆ. ಇನ್ನೂ ಒಂದು ವಿಷಯವಿದೆ. 2024ರ ಪರಿಷ್ಕರಣೆಯಲ್ಲಿ ಆ ಐದು-ಹತ್ತರ ವಿನಿಮಯವನ್ನೇ ತೆಗೆದುಹಾಕಿದರು. ಹಳೆಯ ಪಟ್ಟಿ ನಕಲು ಮಾಡಿದವನ ಕೈಯಲ್ಲಿ ಏನೂ ಉಳಿಯಲಿಲ್ಲ; ಗಡಿ ಲೆಕ್ಕ ಹಾಕಲು ಕಲಿತವನು ಹೊಸ ನಿಯಮಕ್ಕೂ ಅದನ್ನೇ ಹಾಕುತ್ತಾನೆ.

ಲೆಕ್ಕದ ಹುಚ್ಚು ಎಲ್ಲಿಗೆ ಹೋಗಬಹುದು ಎಂಬುದಕ್ಕೆ ಪನ್-ಪನ್ ಸಾಕ್ಷಿ. ಮೂರನೇ ಆವೃತ್ತಿಯ ಕಾಲದಲ್ಲಿ ಪುಸ್ತಕದ ಮೇಲೆ ಪುಸ್ತಕ ಬಂದು, ಒಂದರ ನಿಯಮಕ್ಕೆ ಇನ್ನೊಂದನ್ನು ಹೆಣೆದು, ಕೋಬೋಲ್ಡ್ ಎಂಬ ಅತಿ ಬಡಪಾಯಿ ಜಾತಿಯ ಜೀವಿಯೊಂದನ್ನು ಅಪರಿಮಿತ ಶಕ್ತಿಯ ದೇವರನ್ನಾಗಿ ಮಾಡಬಹುದೆಂದು ಕಾಗದದ ಮೇಲೆ ತೋರಿಸಿದರು. ಅದು ಆಡಲೆಂದು ಮಾಡಿದ್ದಲ್ಲ, ನಿಯಮಗಳ ತೂತು ತೋರಿಸಲು ಮಾಡಿದ್ದು. ಆ ದೃಷ್ಟಿಯಿಂದ ಚೆಂದದ ಪ್ರಮೇಯ. ಇನ್ನೊಂದು ತಮಾಷೆ: ಆಟದಲ್ಲಿ ಒಂದು ಸುತ್ತು ಎಂದರೆ 6 ಸೆಕೆಂಡು. ಸಾವಿರಾರು ರೈತರನ್ನು ಸಾಲಾಗಿ ನಿಲ್ಲಿಸಿ ಒಂದು ಗಳುವನ್ನು ಕೈಯಿಂದ ಕೈಗೆ ದಾಟಿಸಿದರೆ ಅದು 6 ಸೆಕೆಂಡಿನಲ್ಲಿ ಮೈಲಿಗಟ್ಟಲೆ ಹೋಗಬೇಕಲ್ಲ, ಹಾಗಾದರೆ ಕೊನೆಯವನು ಎಸೆದಾಗ ಫಿರಂಗಿ ಗುಂಡಿನಂತೆ ಬಡಿಯಬೇಡವೇ ಎಂಬ ವಾದ. ಆಟದ ನಿಯಮಗಳು ಭೌತಶಾಸ್ತ್ರವಲ್ಲ ಎಂದು 2024ರ ಡಂಜನ್ ಮಾಸ್ಟರ್ ಕೈಪಿಡಿಯಲ್ಲಿ ಬರೆಯಬೇಕಾಯಿತು!

ಕಂಪ್ಯೂಟರಿನಲ್ಲಿ ಒಬ್ಬನೇ ಆಡುವಾಗ ಇವೆಲ್ಲ ಯಾರಿಗೂ ತೊಂದರೆ ಕೊಡುವುದಿಲ್ಲ. 2023ರಲ್ಲಿ ಬಂದ ಬಾಲ್ಡರ್ಸ್ ಗೇಟ್ 3 ಇದೇ ನಿಯಮಗಳನ್ನು, ಇದೇ 27 ಪಾಯಿಂಟುಗಳನ್ನು ಬಳಸುತ್ತದೆ. ಅಲ್ಲಿ ಬಿಲ್ಡ್ ಹಿಡಿಸದಿದ್ದರೆ 100 ಚಿನ್ನದ ನಾಣ್ಯ ಕೊಟ್ಟು ಮತ್ತೆ ಕಟ್ಟಬಹುದು. ಯಂತ್ರಕ್ಕೆ ಬೇಸರವಿಲ್ಲ. ಮೇಜಿನ ಸುತ್ತ ಕೂತವರಿಗೆ ಇದೆ. ನಾಲ್ವರಲ್ಲಿ ಒಬ್ಬ ಮಾತ್ರ ಕಲ್ಲಿಗೆ ಕಲ್ಲು ಕೂಡಿಸಿ ಭೀಮನನ್ನು ಕಟ್ಟಿಕೊಂಡು ಬಂದರೆ ಏನಾಗುತ್ತದೆ? ಅವನಿಗೆ ತಕ್ಕ ರಾಕ್ಷಸನನ್ನು ತಂದರೆ ಉಳಿದ ಮೂವರು ಸಾಯುತ್ತಾರೆ; ಮೂವರಿಗೆ ತಕ್ಕವನನ್ನು ತಂದರೆ ಭೀಮ ಒಂದೇ ಏಟಿಗೆ ಮುಗಿಸಿ, ಮೂವರೂ ಗಡಿಯಾರ ನೋಡುತ್ತಾರೆ. ಆಟ ನಿಂತುಹೋಗುವುದು ಹೀಗೆಯೇ. ಆದ್ದರಿಂದ ಮೊದಲ ದಿನ ಯಾರೂ ಮನೆಯಿಂದ ಪಾತ್ರ ಕಟ್ಟಿಕೊಂಡು ಬರಬಾರದು, ಒಟ್ಟಿಗೆ ಕೂತು ಕಟ್ಟಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಬೀಗ ತೆಗೆಯುವವರು ಯಾರು, ಗಾಯ ವಾಸಿ ಮಾಡುವವರು ಯಾರು, ಕಾವಲುಗಾರನನ್ನು ಮಾತಿನಲ್ಲಿ ಮರುಳು ಮಾಡುವವರು ಯಾರು? ನಿಮ್ಮ ವರ್ಚಸ್ಸು 8 ಇರಲಿ, ಗೆಳತಿಯದು 16 ಇದ್ದರೆ ಆಯಿತು. ಬಲಿಷ್ಠನಾಗಿಯೇ ಇರಬೇಕೆಂಬ ಆಸೆ ಇದ್ದವರಿಗೂ ದಾರಿಯಿದೆ: ಬೇರೆಯವರ ಏಟು ತಗುಲುವಂತೆ ಮಾಡುವ ಪಾತ್ರ ಕಟ್ಟಿ. ಬ್ಲೆಸ್ ಎಂಬ ಆಶೀರ್ವಾದದ ಮಂತ್ರ ಮೂವರ ಪ್ರತಿ ಏಟಿಗೂ ನಾಲ್ಕು ಮುಖದ ದಾಳವೊಂದನ್ನು ಕೂಡಿಸುತ್ತದೆ, ಸರಾಸರಿ 2.5. ನೂರಕ್ಕೆ ಹನ್ನೆರಡೂವರೆ, ಮೂರು ಜನಕ್ಕೆ. ಇದರಷ್ಟು ಸೊಗಸಾದ ಲೆಕ್ಕ ಬೇರೆಯಿಲ್ಲ, ಯಾರೂ ಹೊಟ್ಟೆಕಿಚ್ಚುಪಡುವುದೂ ಇಲ್ಲ.

ಲೆಕ್ಕ ಹಾಕುವವನು ಪಾತ್ರವನ್ನು ಚೆನ್ನಾಗಿ ಅಭಿನಯಿಸಲಾರ ಎಂಬ ಮಾತೂ ಇದೆ. ಅದನ್ನು ನಾನು ಒಪ್ಪುವುದಿಲ್ಲ. ಶಕ್ತಿ 8ರ ಮಾಂತ್ರಿಕ ಬಾವಿಯಿಂದ ಕೊಡ ಎತ್ತಲಾರದೆ ಪರದಾಡುವುದು ಅಂಕಪಟ್ಟಿಯಲ್ಲೇ ಬರೆದಿದೆ; ನಗಿಸುವುದು ಆಡುವವನ ಕೆಲಸ.

ತಂದೆತಾಯಿಗಳಿಗೆ ಒಂದು ಮಾತು. 1979ರಲ್ಲಿ ಅಮೆರಿಕದ ಮಿಷಿಗನ್ ರಾಜ್ಯದಲ್ಲಿ ವಿದ್ಯಾರ್ಥಿಯೊಬ್ಬ ಕಾಣೆಯಾದಾಗ ಈ ಆಟವೇ ಕಾರಣವೆಂದು ಗುಲ್ಲೆದ್ದು, 1982ರಲ್ಲಿ ಅಂಥದೇ ಕಥೆಯ ಟಿವಿ ಚಿತ್ರವೂ ಬಂತು. ಆ ಹುಡುಗನ ಸಂಕಟಗಳು ಬೇರೆಯೇ ಇದ್ದವೆಂದು ಆಮೇಲೆ ತಿಳಿಯಿತು. ಆಟದಲ್ಲಿ ನಿಜವಾಗಿ ಖರ್ಚಾಗುವುದು ಸಮಯ. ಒಂದು ಕೂಟಕ್ಕೆ ಮೂರು-ನಾಲ್ಕು ಗಂಟೆ ಹಿಡಿಯುತ್ತದೆ. ಅದಕ್ಕೆ ವಾರದಲ್ಲಿ ಯಾವ ದಿನ ಎಂದು ಮನೆಯಲ್ಲಿ ಮೊದಲೇ ಮಾತಾಡಿಕೊಳ್ಳುವುದು ಒಳ್ಳೆಯದು.

ಹಣ ಖರ್ಚಾಗಬೇಕಾಗಿಲ್ಲ. ಮೂಲ ನಿಯಮಗಳ ಒಂದು ಭಾಗವನ್ನು ಪ್ರಕಾಶಕರು 2023ರಲ್ಲಿ ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟರು. ಪರಿಷ್ಕೃತ ನಿಯಮಗಳದ್ದೂ 2025ರಲ್ಲಿ ಬಂತು. ಇಪ್ಪತ್ತು ಮುಖದ ದಾಳ ಸಿಗದಿದ್ದರೆ 1ರಿಂದ 20ರವರೆಗೆ ಚೀಟಿ ಬರೆದು ಡಬ್ಬಿಗೆ ಹಾಕಿ ಎತ್ತಿ. ಇದು ಬಡವರ ಉಪಾಯವೇನಲ್ಲ. 1979ರ ಸುಮಾರಿಗೆ ದಾಳದ ಅಭಾವ ಬಂದಾಗ ಆಟದ ಪೆಟ್ಟಿಗೆಯಲ್ಲೇ ಸಂಖ್ಯೆ ಮುದ್ರಿಸಿದ ರಟ್ಟಿನ ಚೂರುಗಳನ್ನು ಇಟ್ಟು ಮಾರಿದ್ದರು. ಎತ್ತಿದ ಚೀಟಿಯನ್ನು ಪ್ರತಿ ಸಲ ವಾಪಸು ಹಾಕಬೇಕು, ಇಲ್ಲದಿದ್ದರೆ ಲೆಕ್ಕವೆಲ್ಲ ಕೆಡುತ್ತದೆ. ಯಾಕೆ ಕೆಡುತ್ತದೆ ಎಂದು ಕೇಳುವ ತಮ್ಮಂದಿರಿಗೆ ಅಣ್ಣಂದಿರು ವಿವರಿಸಲಿ.

ಕೊನೆಗೆ ಎಂದಿನಂತೆ ಒಂದು ಲೆಕ್ಕ. ಕೆಲವು ಸಲ ಯೋಧನಿಗೆ ಅನುಕೂಲದ ಸ್ಥಿತಿ ಒದಗುತ್ತದೆ, ಉದಾಹರಣೆಗೆ ಎದುರಾಳಿ ನೆಲಕ್ಕೆ ಬಿದ್ದಾಗ. ಆಗ ಇಪ್ಪತ್ತು ಮುಖದ ದಾಳವನ್ನು ಎರಡು ಸಲ ಉರುಳಿಸಿ ಹೆಚ್ಚಿನದನ್ನು ಇಟ್ಟುಕೊಳ್ಳಬಹುದು. ಮೇಲಿನ ಯೋಧನಿಗೆ ಒಂದೇ ದಾಳದಲ್ಲಿ ಗಡಿ 16 ಎಂದು ನೋಡಿದೆವು. ಎರಡು ದಾಳದ ಅನುಕೂಲವಿದ್ದಾಗ ಯಾವ ಕವಚಸಂಖ್ಯೆಯವರೆಗೆ ದುಡುಕಿನ ಏಟು ಲಾಭ? ನನಗೆ 17 ಬಂತು, 18ಕ್ಕೆ ಮತ್ತೆ ನಷ್ಟ. ಇಷ್ಟು ದೊಡ್ಡ ಅನುಕೂಲಕ್ಕೆ ಗಡಿ ಇಷ್ಟೇ ಇಷ್ಟು ಸರಿದದ್ದೇಕೆ ಎಂದು ಪೆನ್ಸಿಲ್ ಹಿಡಿದು ನೋಡಿ.